ಸಹಜ ಭಾವಚಿತ್ರಗಳನ್ನು ತೆಗೆಯುವ ಬಗೆ
(ಭೋರಿನ ಬೀದಿಯಲ್ಲಿಯೂ ಬಯಲಿನಲ್ಲಿಯೂ ಒಂದು ಪಾಠ)

ಮನುಷ್ಯನ ರೂಪವು ಮೊತ್ತಮೊದಲು ಛಾಯಾಚಿತ್ರದಲ್ಲಿ ಮೂಡಿದುದು ಹೇಗೆಂದು ವಿಚಾರಿಸಿದರೆ ಒಂದು ಸ್ವಾರಸ್ಯವಾದ ಸಂಗತಿಯು ತಿಳಿದುಬರುತ್ತದೆ. 1838ರಲ್ಲಿ ಫ್ರಾನ್ಸ್ ದೇಶದ ಲೂಯಿ ಡಾಗೆರ್ ಎಂಬಾತನು ಪ್ಯಾರಿಸ್ ನಗರದ ಒಂದು ಅಗಲವಾದ ಬೀದಿಯ ಚಿತ್ರವನ್ನು ಎತ್ತರದ ಕಿಟಕಿಯೊಂದರಿಂದ ತೆಗೆದನು. ಆಗಿನ ಲೋಹದ ಫಲಕವು ಬೆಳಕನ್ನು ಗ್ರಹಿಸಲು ಹಲವು ನಿಮಿಷಗಳನ್ನು ತೆಗೆದುಕೊಳ್ಳುತ್ತಿದ್ದಿತು. ಆದಕಾರಣ ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಒಂದೂ ಅದರಲ್ಲಿ ಮೂಡಲಿಲ್ಲ. ತುಂಬಿದ ಬೀದಿಯು ಬರಿದಾಗಿ ಕಂಡಿತು. ಆದರೆ ಬೀದಿಯ ಅಂಚಿನಲ್ಲಿ ಒಬ್ಬನು ತನ್ನ ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ಒಂದೇ ಎಡೆಯಲ್ಲಿ ನಿಂತಿದ್ದನು. ಅವನ ಆಕಾರವು ಫಲಕದ ಮೇಲೆ ಉಳಿಯಿತು. ಅವನು ಯಾರೆಂಬುದು ಯಾರಿಗೂ ಗೊತ್ತಿಲ್ಲ. ತನ್ನ ಚಿತ್ರವನ್ನು ತೆಗೆಯುತ್ತಿರುವರೆಂಬುದು ಅವನಿಗೂ ಗೊತ್ತಿರಲಿಲ್ಲ.

ಅದರ ಮರುವರ್ಷ, ಎಂದರೆ 1839ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದ ರಾಬರ್ಟ್ ಕಾರ್ನೀಲಿಯಸ್ ಎಂಬ ತರುಣನು ತನ್ನ ಮನೆತನದ ಅಂಗಡಿಯ ಹೊರಗೆ ಬಿಸಿಲಿನಲ್ಲಿ ಕ್ಯಾಮೆರವನ್ನು ನಿಲ್ಲಿಸಿ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡನು. ತಲೆಗೂದಲು ಕೆದರಿದ ಆ ಮುಖವು ಇಂದಿಗೂ ಉಳಿದುಬಂದಿರುವ ಅತ್ಯಂತ ಹಳೆಯ ಭಾವಚಿತ್ರಗಳಲ್ಲಿ ಒಂದು. ಹೀಗೆ ಭಾವಚಿತ್ರಕಲೆಯು ಹುಟ್ಟಿದುದೇ ಮನೆಯ ಹೊರಗೆ, ಬಯಲಿನ ಬೆಳಕಿನಲ್ಲಿ. ಪರದೆ, ದೀಪ, ಕುರ್ಚಿಗಳುಳ್ಳ ಸ್ಟುಡಿಯೋ ಆಮೇಲೆ ಬಂದಿತು. ಆ ಮೊದಲ ಬೆಳಕಿಗೇ ಹಿಂದಿರುಗಿ, ಮನುಷ್ಯರ ಚಿತ್ರವನ್ನು ಅವರು ಇದ್ದಂತೆಯೇ ತೆಗೆಯುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

1. ಸಹಜ ಭಾವಚಿತ್ರವೆಂದರೇನು?

ಚಿತ್ರ ತೆಗೆಯಿಸಿಕೊಳ್ಳುವವರು ಕ್ಯಾಮೆರಕ್ಕಾಗಿ ಮುಖವನ್ನು ಅಣಿಮಾಡಿಕೊಂಡು ನಿಂತರೆ ಅದು ನಿಲ್ಲಿಸಿ ತೆಗೆದ ಚಿತ್ರ. ಅವರು ತಮ್ಮ ಕೆಲಸದಲ್ಲಿಯೋ ಮಾತಿನಲ್ಲಿಯೋ ಯೋಚನೆಯಲ್ಲಿಯೋ ತೊಡಗಿರುವಾಗ ಆ ಭಾವವು ಕೆಡದಂತೆ ತೆಗೆದರೆ ಅದು ಸಹಜ ಭಾವಚಿತ್ರ. ಇದರಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ‘ಸಹಜ’ವೆಂದ ಮಾತ್ರಕ್ಕೆ ಅದು ಕದ್ದು ತೆಗೆದುದೆಂದು ಅರ್ಥವಲ್ಲ. ಕ್ಯಾಮೆರ ಎದುರಿಗಿರುವುದು ತಿಳಿದಿದ್ದರೂ ಅದನ್ನು ಮರೆತು ತಮ್ಮ ಪಾಡಿಗೆ ತಾವಿರುವ ಜನರ ಚಿತ್ರವೂ ಸಹಜವೇ. ‘ಭಾವಚಿತ್ರ’ವೆಂದಮೇಲೆ ಅದರಲ್ಲಿ ವ್ಯಕ್ತಿಯು ಪ್ರಧಾನನಾಗಿರಬೇಕು. ಜಾತ್ರೆಯ ಗುಂಪಿನಲ್ಲಿ ನೂರು ತಲೆಗಳು ಕಾಣುವ ಚಿತ್ರವು ಎಷ್ಟೇ ಸೊಗಸಾಗಿದ್ದರೂ ಭಾವಚಿತ್ರವಾಗಲಾರದು.

2. ಕಲಿಯಲು ಭೋರನ್ನೇ ಆರಿಸಿಕೊಂಡುದೇಕೆ?

ಪುಣೆಯಿಂದ ದಕ್ಷಿಣಕ್ಕೆ, ಬೆಂಗಳೂರಿಗೆ ಹೋಗುವ ಹೆದ್ದಾರಿಯನ್ನು ಹಿಡಿದು ಕಾಪೂರಹೋಳದವರೆಗೆ ಹೋಗಿ ಅಲ್ಲಿ ಬಲಕ್ಕೆ ತಿರುಗಿದರೆ ಭೋರ್ ಪಟ್ಟಣವು ಸಿಕ್ಕುತ್ತದೆ. ಪುಣೆಯಿಂದ ಅದು ಸುಮಾರು ಐವತ್ತು ಕಿಲೋಮೀಟರು. ನಮ್ಮಲ್ಲಿ ಅನೇಕರ ತಂದೆತಾಯಿಗಳು ಊರಿನಿಂದ ಪುಣೆಗೆ ಬಂದುದು ಇದೇ ಹೆದ್ದಾರಿಯಿಂದ. ಖಂಡಾಳದ ಬಳಿಯಲ್ಲಿ ರೈಲು ಹತ್ತಿಳಿಯುವ ಭೋರ್ ಘಾಟಕ್ಕೂ ಈ ಊರಿಗೂ ಸಂಬಂಧವಿಲ್ಲವೆಂಬುದನ್ನು ನೆನಪಿಡಬೇಕು. ಹೆಸರು ಒಂದೇ ಆದುದರಿಂದ ಅನೇಕರು ತಪ್ಪು ತಿಳಿಯುತ್ತಾರೆ.

ಭೋರ್ 1948ರವರೆಗೆ ಒಂದು ಸಂಸ್ಥಾನವಾಗಿದ್ದಿತು. ಮರಾಠರ ಆಳ್ವಿಕೆಯಲ್ಲಿ ಸಚಿವ ಪದವಿಯನ್ನು ಹೊಂದಿದ್ದ ಮನೆತನದವರು ಇಲ್ಲಿ ಆಳಿದುದರಿಂದ ಅವರಿಗೆ ಪಂತ ಸಚಿವರೆಂದು ಹೆಸರು. ಅವರ ರಾಜವಾಡೆಯು ಇಂದಿಗೂ ಇದೆ. ಅದರ ಮರದ ಕಂಬಗಳನ್ನೂ ಅಂಗಳಗಳನ್ನೂ ಮೆಚ್ಚಿ ಸಿನಿಮಾದವರು ಅನೇಕ ಚಿತ್ರಗಳನ್ನು ಅಲ್ಲಿ ತೆಗೆದಿದ್ದಾರೆ. ಊರಿನ ಪಕ್ಕದಲ್ಲಿ ನೀರಾ ನದಿಯು ಹರಿಯುತ್ತದೆ. ನೀರಾ ನದಿಯನ್ನು ಸೇರುವ ಯೇಳವಂಡಿ ಹೊಳೆಗೆ ಭಾಟಘರದಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಅಣೆಕಟ್ಟು ಇದೆ. ಸಮೀಪದಲ್ಲಿ ರೋಹಿಡಾ ಕೋಟೆಯೂ, ಶಿವಾಜಿ ಮಹಾರಾಜರು ಬಾಲ್ಯದಲ್ಲಿ ಸ್ವರಾಜ್ಯದ ಪ್ರತಿಜ್ಞೆ ಮಾಡಿದರೆಂಬ ಪ್ರತೀತಿಯುಳ್ಳ ರಾಯರೇಶ್ವರವೂ ಇವೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು. ಮಳೆಗಾಲದಲ್ಲಿ ಗದ್ದೆಗಳಲ್ಲಿ ಭತ್ತದ ನಾಟಿ.

ಇಷ್ಟು ಚಿಕ್ಕ ಸೀಮೆಯಲ್ಲಿ ಭಾವಚಿತ್ರಕ್ಕೆ ಬೇಕಾದ ಎಲ್ಲ ಬಗೆಯ ಬೆಳಕೂ ದೊರೆಯುತ್ತದೆ: ಹಳೆಯ ವಾಡೆಗಳ ಬಾಗಿಲ ನೆರಳು, ಪೇಟೆಯ ಕಿರಿದಾದ ಬೀದಿ, ಹೊಳೆಯ ದಂಡೆಯ ತೆರೆದ ಆಕಾಶ, ಮಳೆಗಾಲದ ಮೋಡ. ಮೇಲಾಗಿ ಇಲ್ಲಿಯ ಜನರು ಮಹಾನಗರದವರಂತೆ ಅವಸರದಲ್ಲಿ ಸರಿದುಹೋಗುವುದಿಲ್ಲ, ನಿಂತು ಮಾತನಾಡಿಸುತ್ತಾರೆ. ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದುದು ಬೇರೇನಿದೆ?

3. ಬಿಸಿಲನ್ನು ಅರಿಯುವುದು

ಭಾವಚಿತ್ರದಲ್ಲಿ ಕಣ್ಣುಗಳು ಕಾಣಬೇಕು. ಕಣ್ಣುಗಳು ಕಾಣಬೇಕಾದರೆ ಬೆಳಕು ಹುಬ್ಬಿನ ಕೆಳಗೆ ಹೋಗಬೇಕು. ಸೂರ್ಯನು ನೆತ್ತಿಯ ಮೇಲಿದ್ದರೆ ಹುಬ್ಬಿನ ನೆರಳು ಕಣ್ಣನ್ನು ಮುಚ್ಚುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಮೀಸೆಯಂತೆ ಬೀಳುತ್ತದೆ. ಆಗ ಎಷ್ಟು ಬೆಲೆಯ ಕ್ಯಾಮೆರವಾದರೂ ಒಳ್ಳೆಯ ಚಿತ್ರವನ್ನು ಕೊಡಲಾರದು.

ಭೂಗೋಳದಲ್ಲಿ ಓದಿದುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಭೋರ್ ಉತ್ತರ ಅಕ್ಷಾಂಶ ಸುಮಾರು 18 ಡಿಗ್ರಿಯಲ್ಲಿದೆ. ಆದುದರಿಂದ ಮೇ ತಿಂಗಳ ಎರಡನೆಯ ವಾರದಲ್ಲಿಯೂ ಜುಲೈ ತಿಂಗಳ ಕೊನೆಯಲ್ಲಿಯೂ ಮಧ್ಯಾಹ್ನದ ಸೂರ್ಯನು ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನದಲ್ಲಿಯೂ ಅವನ ಎತ್ತರವು 48 ಡಿಗ್ರಿಗಿಂತ ಹೆಚ್ಚು ಮೀರುವುದಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಹೆಚ್ಚು ಹೊತ್ತು ಚಿತ್ರ ತೆಗೆಯಬಹುದು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ, ಇಲ್ಲವೆ ಸಂಜೆ ಮಾತ್ರ. ನಮ್ಮ ಗಡಿಯಾರಗಳು 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ, ಭೋರ್ ಇರುವುದು 74 ಡಿಗ್ರಿಗೆ ಸ್ವಲ್ಪ ಪಶ್ಚಿಮಕ್ಕೆ. ಆದಕಾರಣ ಇಲ್ಲಿ ನಿಜವಾದ ಮಧ್ಯಾಹ್ನವಾಗುವುದು ಹನ್ನೆರಡು ಗಂಟೆಗಲ್ಲ, ಸುಮಾರು ಹನ್ನೆರಡೂವರೆಗೆ.

ಈ ಲೆಕ್ಕವನ್ನೆಲ್ಲ ನೆನಪಿಡಲಾಗದವರಿಗೆ ಒಂದು ಸುಲಭವಾದ ಉಪಾಯವಿದೆ. ನಿಮ್ಮ ನೆರಳನ್ನು ನೋಡಿಕೊಳ್ಳಿರಿ. ನೆರಳು ನಿಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಸೂರ್ಯನು 45 ಡಿಗ್ರಿಗಿಂತ ಕೆಳಗಿದ್ದಾನೆ. ಬಿಸಿಲಿನಲ್ಲಿಯೇ ಚಿತ್ರ ತೆಗೆಯಬಹುದು. ನೆರಳು ಎತ್ತರಕ್ಕಿಂತ ಮೋಟಾಗಿದ್ದರೆ ಬಿಸಿಲನ್ನು ಬಿಟ್ಟು ನೆರಳಿಗೆ ಹೋಗಬೇಕು.

ಬಿಸಿಲಿನಲ್ಲಿ ತೆಗೆಯುವಾಗಲೂ ಎದುರಿನವರನ್ನು ಸೂರ್ಯನಿಗೆ ನೇರವಾಗಿ ಮುಖಮಾಡಿ ನಿಲ್ಲಿಸಬಾರದು. ಹಾಗೆ ನಿಂತವರ ಕಣ್ಣು ಕಿರಿದಾಗಿ ಹಣೆ ಗಂಟಿಕ್ಕುತ್ತದೆ. ನೋಡಿದವರು ಸಿಟ್ಟೆಂದು ಭಾವಿಸುತ್ತಾರೆ. ಬೆಳಕು ಒಂದು ಪಕ್ಕದಿಂದ ಬರುವಂತೆ ನಾವೇ ಸುತ್ತಿ ನಿಲ್ಲಬೇಕು. ಸಹಜಚಿತ್ರ ತೆಗೆಯುವವನು ಎದುರಿನವರಿಗೆ ‘ಇತ್ತ ತಿರುಗಿರಿ, ಅತ್ತ ಸರಿಯಿರಿ’ ಎಂದು ಹೇಳುವುದಿಲ್ಲ. ತನ್ನ ಕಾಲುಗಳನ್ನೇ ಉಪಯೋಗಿಸುತ್ತಾನೆ.

4. ನೆರಳು, ಮೋಡ ಮತ್ತು ಬಾಗಿಲು

ಹಳೆಯ ವಾಡೆಯ ಬಾಗಿಲು ಭಾವಚಿತ್ರಕಾರನಿಗೆ ದೇವರು ಕೊಟ್ಟ ಸ್ಟುಡಿಯೋ. ಹೊಸ್ತಿಲ ಬಳಿ ಕುಳಿತು ಅಕ್ಕಿ ಆರಿಸುವ ಅಜ್ಜಿಯ ಮೇಲೆ ಬಿಸಿಲು ನೇರವಾಗಿ ಬೀಳುವುದಿಲ್ಲ. ಎದುರಿನ ಆಕಾಶದಿಂದಲೂ ಬೆಳ್ಳಗಿರುವ ಅಂಗಳದಿಂದಲೂ ಮೆತ್ತನೆಯ ಬೆಳಕು ಮುಖಕ್ಕೆ ಬರುತ್ತದೆ. ಅವರ ಹಿಂದೆ ಮನೆಯ ಒಳಭಾಗವು ಕತ್ತಲಾಗಿರುವುದರಿಂದ ಮುಖವು ಎದ್ದು ಕಾಣುತ್ತದೆ. ಅವರೇ ಎರಡು ಮಾರು ಒಳಕ್ಕೆ ಸರಿದರೆ ಬೆಳಕು ಬೇಗನೆ ಕುಗ್ಗುತ್ತದೆ. ಆದುದರಿಂದ ಹೊಸ್ತಿಲ ಅಂಚೇ ಮೇಲು.

ಮಳೆಗಾಲದಲ್ಲಿ ಆಕಾಶವೆಲ್ಲ ಒಂದು ದೊಡ್ಡ ದೀಪವಾಗುತ್ತದೆ. ಜುಲೈ ತಿಂಗಳಲ್ಲಿ ಭೋರಿನ ಸುತ್ತಲಿನ ಹಳ್ಳಿಗಳಲ್ಲಿ ನಾಟಿಯ ಕೆಲಸ ನಡೆಯುತ್ತಿರುವಾಗ ಎಲ್ಲೆಲ್ಲಿಯೂ ಈ ಮೃದುವಾದ ಬೆಳಕೇ. ನಮ್ಮ ಮಲೆನಾಡಿನ ಗೊರಬನ್ನು ಹೋಲುವ ಒಂದು ಹೊದಿಕೆಯನ್ನು ಇಲ್ಲಿಯವರು ಇರಲೆ ಎನ್ನುತ್ತಾರೆ. ಅದನ್ನು ಹೊದ್ದು ಬಾಗಿದವರ ಮುಖವು ಕೆಳಕ್ಕಿರುತ್ತದೆ. ಆದರೆ ಗದ್ದೆಯ ನೀರು ಕನ್ನಡಿಯಂತೆ ಕೆಳಗಿನಿಂದ ಬೆಳಕನ್ನು ಎಸೆಯುವುದರಿಂದ ಬದುವಿನ ಮೇಲೆ ಮೊಣಕಾಲೂರಿ ಕುಳಿತು ತೆಗೆದರೆ ಆ ಮುಖವೂ ಸ್ಪಷ್ಟವಾಗಿ ಬರುತ್ತದೆ. ನಿಂತು ತೆಗೆದರೆ ಬೆನ್ನು ಮಾತ್ರ.

ಫಿಲ್ಮಿನ ಕಾಲದಲ್ಲಿ ಹವ್ಯಾಸಿಗಳು ಒಂದು ಸೂತ್ರವನ್ನು ಬಾಯಿಪಾಠ ಮಾಡಿಕೊಂಡಿರುತ್ತಿದ್ದರು. ನಿರ್ಮಲವಾದ ಬಿಸಿಲಿನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಇಟ್ಟು, ಫಿಲ್ಮಿನ ವೇಗವು 100 ಆಗಿದ್ದರೆ ಷಟರನ್ನು ಸೆಕೆಂಡಿನ ನೂರನೆಯ ಒಂದು ಭಾಗದ ಹತ್ತಿರಕ್ಕೆ ಇಡುವುದು. ತೆಳುಮೋಡವಿದ್ದರೆ ಎಫ್/11, ನೆರಳು ಬೀಳದಷ್ಟು ಮೋಡವಿದ್ದರೆ ಎಫ್/8, ದಟ್ಟವಾದ ಮೋಡ ಅಥವಾ ತೆರೆದ ನೆರಳಿನಲ್ಲಿ ಎಫ್/5.6. ಒಂದೊಂದು ಮೆಟ್ಟಿಲಿಗೂ ಒಳಕ್ಕೆ ಬರುವ ಬೆಳಕು ಇಮ್ಮಡಿಯಾಗುತ್ತದೆ. ಎಂದರೆ, ಬಿಸಿಲಿನಿಂದ ನೆರಳಿಗೆ ಬಂದಾಗ ಬೆಳಕು ಎಂಟರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ನಮ್ಮ ಕಣ್ಣು ತಾನಾಗಿಯೇ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸವು ನಮಗೆ ತೋರುವುದಿಲ್ಲ. ಇಂದಿನ ಮೊಬೈಲು ಈ ಲೆಕ್ಕವನ್ನು ತಾನೇ ಮಾಡುತ್ತದೆ ನಿಜ. ಆದರೆ ಅದು ಎಲ್ಲಿ ಎಡವುತ್ತದೆಂಬುದು ಸೂತ್ರ ತಿಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಅದು ಎಡವುವ ಒಂದು ಸ್ಥಳವನ್ನು ಭೋರಿನ ಪೇಟೆಯಲ್ಲಿಯೇ ಕಾಣಬಹುದು. ಬಿಳಿಯ ಟೋಪಿ, ಬಿಳಿಯ ಅಂಗಿ, ಬಿಳಿಯ ಧೋತರವನ್ನುಟ್ಟ ಮುದುಕರು ಬಿಸಿಲಿನಲ್ಲಿ ಕುಳಿತಿರುತ್ತಾರೆ. ಕ್ಯಾಮೆರದ ಬೆಳಕುಮಾಪಕವು ಎದುರಿನ ವಸ್ತುವೆಲ್ಲ ಸರಾಸರಿಯಾಗಿ ಬೂದುಬಣ್ಣದ್ದೆಂದು ಎಣಿಸುತ್ತದೆ. ಅಷ್ಟೊಂದು ಬಿಳುಪನ್ನು ಕಂಡು ‘ಬೆಳಕು ಹೆಚ್ಚಾಯಿತು’ ಎಂದು ತೀರ್ಮಾನಿಸಿ ಚಿತ್ರವನ್ನು ಕಪ್ಪಾಗಿಸುತ್ತದೆ. ಟೋಪಿಯು ಬೂದಾಗಿ, ಬಿಸಿಲಿನಲ್ಲಿ ದುಡಿದು ಕಂದಿದ ಮುಖವು ಇದ್ದಿಲಾಗುತ್ತದೆ. ಬಾಗಿಲ ಕತ್ತಲೆಯಲ್ಲಿ ಇದಕ್ಕೆ ವಿರುದ್ಧವಾಗಿ ಮುಖವು ಸುಣ್ಣ ಬಳಿದಂತಾಗುತ್ತದೆ. ಮೊಬೈಲಿನ ಪರದೆಯಲ್ಲಿ ಮುಖದ ಮೇಲೆಯೇ ಬೆರಳಿಟ್ಟರೆ ಅದು ಮುಖದ ಬೆಳಕನ್ನು ಅಳೆಯುತ್ತದೆ. ಆಮೇಲೆ ಮುಖದ ನಿಜವಾದ ಬಣ್ಣ ಬರುವವರೆಗೆ ಸ್ವಲ್ಪ ಏರಿಸಬೇಕು ಇಲ್ಲವೆ ಇಳಿಸಬೇಕು. ನಿಜವಾದ ಬಣ್ಣವೆಂದೆವು, ಬೆಳ್ಳಗೆ ಮಾಡಬೇಕೆನ್ನಲಿಲ್ಲ. ಚರ್ಮವನ್ನು ನುಣ್ಣಗೂ ಬಿಳುಪಾಗಿಯೂ ಮಾಡುವ ಉಪಾಯಗಳು ಈಗ ಪ್ರತಿಯೊಂದು ಮೊಬೈಲಿನಲ್ಲಿಯೂ ಇವೆ. ಎಪ್ಪತ್ತು ವರ್ಷ ಬದುಕಿ ಪಡೆದ ಸುಕ್ಕುಗಳನ್ನು ಒಂದು ಗುಂಡಿಯೊತ್ತಿ ಅಳಿಸುವುದು ಆ ಬದುಕಿಗೆ ಮಾಡುವ ಅಗೌರವ. ಅಂತಹ ಉಪಾಯಗಳನ್ನು ಮೊದಲೇ ನಿಲ್ಲಿಸಿಬಿಡಬೇಕು.

5. ಎಷ್ಟು ದೂರದಿಂದ?

ಮೊಬೈಲಿನಿಂದ ತೀರ ಹತ್ತಿರದಲ್ಲಿ ತೆಗೆದ ಮುಖಗಳಲ್ಲಿ ಮೂಗು ದಪ್ಪವಾಗಿಯೂ ಕಿವಿಗಳು ಚಿಕ್ಕವಾಗಿಯೂ ಕಾಣುವುದನ್ನು ಎಲ್ಲರೂ ನೋಡಿರುತ್ತೀರಿ. ಕಾರಣವನ್ನು ಅಂಕಗಣಿತದಿಂದಲೇ ತಿಳಿಯಬಹುದು. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರು ಅಂತರವಿದೆಯೆಂದಿಟ್ಟುಕೊಳ್ಳಿ. ಕ್ಯಾಮೆರವು ಮೂಗಿನಿಂದ 50 ಸೆಂಟಿಮೀಟರು ದೂರದಲ್ಲಿದ್ದರೆ ಕಿವಿಯು 62 ಸೆಂಟಿಮೀಟರು ದೂರವಾಯಿತು. ದೂರ ಹೆಚ್ಚಿದಷ್ಟೂ ವಸ್ತುವು ಕಿರಿದಾಗಿ ಕಾಣುವುದರಿಂದ ಮೂಗು ಕಿವಿಗಿಂತ ನೂರಕ್ಕೆ 24ರಷ್ಟು ಹಿರಿದಾಗಿ ಮೂಡುತ್ತದೆ. ಎರಡು ಮೀಟರು ದೂರದಿಂದ ತೆಗೆದರೆ 200ಕ್ಕೆ 212. ವ್ಯತ್ಯಾಸ ನೂರಕ್ಕೆ 6 ಮಾತ್ರ. ನಾವು ಒಬ್ಬರೊಡನೆ ಮಾತನಾಡುವಾಗ ನಿಲ್ಲುವ ದೂರವೂ ಹೆಚ್ಚುಕಡಮೆ ಒಂದೂವರೆ ಎರಡು ಮೀಟರೇ. ಆದುದರಿಂದಲೇ ಆ ದೂರದ ಚಿತ್ರವು ನಮಗೆ ‘ಅವರ ಹಾಗೆಯೇ ಇದೆ’ ಎನ್ನಿಸುತ್ತದೆ.

35 ಮಿಲಿಮೀಟರು ಫಿಲ್ಮಿನ ಕ್ಯಾಮೆರದಲ್ಲಿ ಭಾವಚಿತ್ರಕ್ಕೆಂದು 85ರಿಂದ 105 ಮಿಲಿಮೀಟರು ನಾಭಿದೂರದ ಲೆನ್ಸುಗಳನ್ನು ಆರಿಸುತ್ತಿದ್ದುದು ಇದಕ್ಕಾಗಿಯೇ. ಅಂತಹ ಲೆನ್ಸಿನಿಂದ ಎರಡು ಮೀಟರು ದೂರ ನಿಂತರೂ ಮುಖವು ಚಿತ್ರವನ್ನು ತುಂಬುತ್ತದೆ. ಮೊಬೈಲಿನ ಮುಖ್ಯ ಲೆನ್ಸು ಸಾಮಾನ್ಯವಾಗಿ ಅಗಲವಾದ ನೋಟದ್ದು. ಎರಡರಷ್ಟು ದೊಡ್ಡದಾಗಿ ತೋರಿಸುವ ಲೆನ್ಸು ಅದರಲ್ಲಿದ್ದರೆ ಅದನ್ನು ಬಳಸಿ ಹಿಂದೆ ಸರಿಯಬೇಕು. ಇಲ್ಲದಿದ್ದರೆ ಮುಖವನ್ನೇ ತುಂಬಿಸುವ ಆಸೆಯನ್ನು ಬಿಟ್ಟು ಸೊಂಟದವರೆಗೆ ತೆಗೆದರಾಯಿತು. ಕೈಗಳೂ ಬಂದರೆ ನಷ್ಟವೇನೂ ಇಲ್ಲ. ಕುಂಬಾರನ, ಚಪ್ಪಲಿ ಹೊಲಿಯುವವರ, ಭತ್ತ ನೆಡುವವರ ಕೈಗಳು ಮುಖದಷ್ಟೇ ಮಾತನಾಡುತ್ತವೆ.

6. ಕ್ಷಣವನ್ನು ಹಿಡಿಯುವುದು

ನಡೆಯುವ ಮನುಷ್ಯನು ಗಂಟೆಗೆ 5 ಕಿಲೋಮೀಟರು, ಎಂದರೆ ಸೆಕೆಂಡಿಗೆ ಸುಮಾರು 139 ಸೆಂಟಿಮೀಟರು ಸಾಗುತ್ತಾನೆ. ಷಟರು ಸೆಕೆಂಡಿನ 60ನೆಯ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ ಅಷ್ಟರಲ್ಲಿ ಅವನು 2 ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತಾನೆ. 125ನೆಯ ಒಂದು ಭಾಗದಲ್ಲಿ 1 ಸೆಂಟಿಮೀಟರು. 500ನೆಯ ಒಂದು ಭಾಗದಲ್ಲಿ 3 ಮಿಲಿಮೀಟರಿಗಿಂತ ಕಡಮೆ. ಅಡ್ಡಹಾಯುವವರ ಮುಖವು ಕಲಸಿಹೋಗುವುದೂ ಸ್ಪಷ್ಟವಾಗುವುದೂ ಇದರ ಮೇಲೆ ನಿಂತಿದೆ. ಕುಳಿತು ಮಾತನಾಡುವವರಿಗೆ 125ನೆಯ ಭಾಗವು ಸಾಕು; ನಡೆಯುವವರಿಗೂ ಆಡುವ ಮಕ್ಕಳಿಗೂ 500ನೆಯ ಭಾಗವಾದರೂ ಬೇಕು.

ದೂರವನ್ನು ಮೊದಲೇ ಹೊಂದಿಸಿಟ್ಟುಕೊಳ್ಳುವುದು ಇನ್ನೊಂದು ಜಾಣತನ. 35 ಮಿಲಿಮೀಟರಿನ ಲೆನ್ಸನ್ನು ಎಫ್/8ಕ್ಕೆ ಇಟ್ಟು 3 ಮೀಟರಿಗೆ ಹೊಂದಿಸಿದರೆ ಸುಮಾರು 1.9 ಮೀಟರಿನಿಂದ 7 ಮೀಟರಿನವರೆಗೆ ಇರುವುದೆಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಕ್ಯಾಮೆರವನ್ನು ತಿರುವುತ್ತ ಕೂರುವ ಕೆಲಸವಿಲ್ಲ. ಕಣ್ಣು ಜನರ ಮೇಲೆಯೇ ಇರಬಹುದು.

ಆದರೆ ಯಂತ್ರದ ವೇಗಕ್ಕಿಂತಲೂ ನೋಡುವವನ ತಾಳ್ಮೆಯು ದೊಡ್ಡದು. ಒಂದು ಒಳ್ಳೆಯ ಸ್ಥಳವನ್ನು ಆರಿಸಿಕೊಂಡು ಅಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿರಿ. ಮೊದಲ ಐದು ನಿಮಿಷ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಹತ್ತು ನಿಮಿಷವಾದಮೇಲೆ ಮಕ್ಕಳು ಮಾತ್ರ ನೋಡುತ್ತಾರೆ. ಇಪ್ಪತ್ತು ನಿಮಿಷವಾದಮೇಲೆ ನೀವೂ ಆ ಕಟ್ಟೆಯ ಒಂದು ಕಲ್ಲಾಗಿರುತ್ತೀರಿ. ಅಂಗಡಿಯವನು ತಕ್ಕಡಿಯನ್ನು ಎತ್ತುವಾಗ ಹುಬ್ಬೇರಿಸುವ ಬಗೆ, ಬಸ್ಸು ಕಾಯುವ ತಾಯಿ ಮಗುವಿನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಳ್ಳುವ ಬಗೆ ಇವೆಲ್ಲ ಆಗ ಕಣ್ಣಿಗೆ ಬೀಳತೊಡಗುತ್ತವೆ. ಪ್ರತಿಯೊಬ್ಬರ ಕೆಲಸದಲ್ಲಿಯೂ ಒಂದು ತಾಳವಿದೆ. ಎರಡು ಸಲ ಗಮನಿಸಿದರೆ ಮೂರನೆಯ ಸಲಕ್ಕೆ ಕೈಯನ್ನು ಸಿದ್ಧವಾಗಿಟ್ಟುಕೊಳ್ಳಬಹುದು.

ಹಿನ್ನೆಲೆಯ ವಿಷಯದಲ್ಲಿ ಒಂದೇ ಮಾತು: ತಲೆಯ ಹಿಂದೆ ವಿದ್ಯುತ್ ಕಂಬವಾಗಲಿ ಜಾಹೀರಾತಿನ ಫಲಕವಾಗಲಿ ಎದ್ದು ನಿಂತಿದೆಯೋ ಎಂದು ನೋಡಿ, ಇದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು.

7. ಹಿರಿಯರು ನಡೆದ ದಾರಿ

ಸಹಜ ಛಾಯಾಚಿತ್ರಕ್ಕೆ ಹೆಸರು ತಂದವರಲ್ಲಿ ಜರ್ಮನಿಯ ಎರಿಕ್ ಸಾಲೊಮನ್ ಮೊದಲಿಗರು. 1886ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದ ಇವರು ಕಾಯಿದೆಯನ್ನು ಓದಿದವರು. ಕಡಮೆ ಬೆಳಕಿನಲ್ಲಿಯೂ ಕೆಲಸಮಾಡುವ ಎರ್ಮನಾಕ್ಸ್ ಎಂಬ ಚಿಕ್ಕ ಕ್ಯಾಮೆರದಿಂದ ನ್ಯಾಯಾಲಯಗಳಲ್ಲಿಯೂ ರಾಷ್ಟ್ರಗಳ ಸಮ್ಮೇಳನಗಳಲ್ಲಿಯೂ ದೊಡ್ಡವರು ತೂಕಡಿಸುವುದನ್ನೂ ನಗುವುದನ್ನೂ ವಾದಿಸುವುದನ್ನೂ ಹಿಡಿದರು. ಯೆಹೂದ್ಯರಾದ ಕಾರಣ 1944ರಲ್ಲಿ ಆಷ್ವಿಟ್ಸ್ ಶಿಬಿರದಲ್ಲಿ ಅವರ ಜೀವವು ಹೋಯಿತು.

1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರವು ಅಂಗೈಯಲ್ಲಿ ಹಿಡಿಸುತ್ತಿದ್ದಿತು. ಒಂದು ಸುರುಳಿಯಲ್ಲಿ 36 ಚಿತ್ರಗಳನ್ನು ತೆಗೆಯಬಹುದಾಗಿತ್ತು. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸೋನ್ (1908–2004) ಅದರ ಹೊಳೆಯುವ ಭಾಗಗಳನ್ನೆಲ್ಲ ಕಪ್ಪಾಗಿಸಿಕೊಂಡು ಬೀದಿಗಳಲ್ಲಿ ತಿರುಗಿದರು. 1948ರ ಜನವರಿ 30ರಂದು ಗಾಂಧೀಜಿಯವರು ಕೊಲೆಯಾಗುವುದಕ್ಕೆ ಸ್ವಲ್ಪ ಮೊದಲು ಅವರನ್ನು ಕಂಡಿದ್ದವರಲ್ಲಿ ಇವರೂ ಒಬ್ಬರು. ಆಮೇಲೆ ದಿಲ್ಲಿಯ ಶೋಕತಪ್ತ ಜನಸಮೂಹದ ಮುಖಗಳನ್ನು ಅವರು ಲೋಕಕ್ಕೆ ತೋರಿಸಿದರು.

ನಮ್ಮವರೇ ಆದ ಟಿ. ಎಸ್. ಸತ್ಯನ್ ಅವರನ್ನು ಕನ್ನಡದ ವಿದ್ಯಾರ್ಥಿಗಳು ಮರೆಯಬಾರದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ 2009ರಲ್ಲಿ ಅಲ್ಲಿಯೇ ತೀರಿಕೊಂಡ ಇವರು ದೇಶವಿದೇಶಗಳ ಪತ್ರಿಕೆಗಳಿಗೆ ಚಿತ್ರಗಳನ್ನು ಒದಗಿಸಿದರು. ಸಿಡುಬಿನ ನಿರ್ಮೂಲನದ ಕಾರ್ಯವನ್ನು ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ‘ಕಾಲಕ್ಕೆ ಕನ್ನಡಿ’ ಎಂಬ ಹೆಸರಿನಲ್ಲಿ ತಮ್ಮ ಅನುಭವಗಳನ್ನು ಕನ್ನಡದಲ್ಲಿಯೂ ಬರೆದಿದ್ದಾರೆ. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ದುಡಿಯುವವರಿದ್ದಾರೆ, ಮಕ್ಕಳಿದ್ದಾರೆ. ಆದರೆ ಯಾರೊಬ್ಬರೂ ಕನಿಕರದ ವಸ್ತುವಾಗಿ ಕಾಣುವುದಿಲ್ಲ. ಅವರಿಂದ ನಾವು ಕಲಿಯಬೇಕಾದ ದೊಡ್ಡ ಪಾಠವು ಇದು.

8. ಕದ್ದು ತೆಗೆಯುವುದೋ, ಕೇಳಿ ತೆಗೆಯುವುದೋ?

ಈಗ ಈ ವಿಷಯದ ಕಠಿನವಾದ ಭಾಗಕ್ಕೆ ಬಂದೆವು. ಕೇಳಿದರೆ ಸಹಜತೆಯು ಹೋಗುತ್ತದೆ. ಕೇಳದಿದ್ದರೆ ಮರ್ಯಾದೆಯು ಹೋಗುತ್ತದೆ. ಹಾಗಾದರೆ ಮಾಡಬೇಕಾದುದೇನು?

ನಮ್ಮ ಅಭಿಪ್ರಾಯದಲ್ಲಿ ಕೇಳುವುದೇ ಮೇಲು, ಮತ್ತು ಕೇಳಿದರೆ ಸಹಜತೆಯು ಹೋಗುತ್ತದೆಂಬುದು ಅರ್ಧಸತ್ಯ. ಭೋರಿನಲ್ಲಿ ಮರಾಠಿಯಲ್ಲಿ ‘ಆಜಿ, ಫೋಟೊ ಕಾಢೂ ಕಾ?’ ಎಂದರೆ ‘ಅಜ್ಜಿ, ಫೋಟೊ ತೆಗೆಯಲೇ?’ ಎಂದರ್ಥ. ಅಜ್ಜನಿಗೆ ಆಜೋಬಾ, ನಡುವಯಸ್ಸಿನವರಿಗೆ ಕಾಕಾ ಅಥವಾ ಮಾವಶಿ. ನಂಟಿನ ಹೆಸರಿನಿಂದ ಕರೆದು ಕೇಳಿದವರನ್ನು ಹಳ್ಳಿಯವರು ಸಾಮಾನ್ಯವಾಗಿ ಹಿಂದಕ್ಕೆ ಕಳಿಸುವುದಿಲ್ಲ. ಒಪ್ಪಿದ ಕೂಡಲೆ ಅವರು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಳ್ಳುತ್ತಾರೆ, ಅಂಗಿಯ ಗುಂಡಿಯನ್ನು ಹಾಕಿಕೊಳ್ಳುತ್ತಾರೆ, ನೆಟ್ಟಗೆ ನಿಲ್ಲುತ್ತಾರೆ. ಆಗ ‘ಬೇಡ ಬೇಡ, ಮೊದಲಿನ ಹಾಗೆಯೇ ಇರಿ’ ಎನ್ನಬಾರದು. ತಾವು ಲೋಕಕ್ಕೆ ಹೇಗೆ ಕಾಣಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಅವರದು. ಅವರು ನಿಂತಂತೆಯೇ ಒಂದು ಚಿತ್ರವನ್ನು ತೆಗೆದು ತೋರಿಸಿರಿ. ಆಮೇಲೆ ಕ್ಯಾಮೆರವನ್ನು ಕೆಳಕ್ಕಿಳಿಸಿ ಈ ವರ್ಷದ ಮಳೆಯ ವಿಚಾರವನ್ನೋ ಅವರ ಕೆಲಸದ ವಿಚಾರವನ್ನೋ ಕೇಳಿರಿ. ಮಾತು ಮುಂದುವರಿದಂತೆ ಬಿಗಿದ ಭುಜಗಳು ಸಡಿಲಿ, ಕೈಗಳು ಮತ್ತೆ ಕೆಲಸಕ್ಕೆ ಹೋಗುತ್ತವೆ. ಎರಡನೆಯ ಚಿತ್ರದ ಸಮಯವು ಅದು. ಮೊದಲನೆಯದು ಅವರು ತಮ್ಮನ್ನು ಕುರಿತು ಹೇಳಿದ ಮಾತು, ಎರಡನೆಯದು ನಾವು ಅವರನ್ನು ಕಂಡ ಬಗೆ. ಎರಡನ್ನೂ ಇಟ್ಟುಕೊಳ್ಳಬೇಕು.

ಕೆಲವೊಮ್ಮೆ ಕೇಳಲು ಅವಕಾಶವಿರದೆ ಕ್ಷಣವು ಓಡಿಹೋಗುವಂತಿರುತ್ತದೆ. ಆಗ ಮೊದಲು ತೆಗೆದು, ತಕ್ಷಣವೇ ಹತ್ತಿರ ಹೋಗಿ ತೋರಿಸಬೇಕು. ಬೇಡವೆಂದರೆ ಅವರ ಕಣ್ಣೆದುರಿಗೇ ಅಳಿಸಿಬಿಡಬೇಕು. ಎಷ್ಟು ಸುಂದರವಾದ ಚಿತ್ರವಾದರೂ ಸರಿಯೆ. ಹೊಳೆಯ ದಂಡೆಯಲ್ಲಿ ಸ್ನಾನಮಾಡುವವರು, ನೋವಿನಲ್ಲಿಯೋ ಶೋಕದಲ್ಲಿಯೋ ಇರುವವರು, ಕುಡಿದು ಬಿದ್ದವರು, ಭಿಕ್ಷೆ ಬೇಡುವವರು ಇವರತ್ತ ಕ್ಯಾಮೆರವನ್ನು ತಿರುಗಿಸಲೇಬಾರದು. ಪರರ ಮಕ್ಕಳ ಚಿತ್ರವನ್ನು ತಂದೆತಾಯಿಗಳನ್ನು ಕೇಳದೆ ತೆಗೆಯಬಾರದು. ಎಲ್ಲರೂ ನೋಡುವ ಕಡೆ ಹಾಕಲಂತೂ ಬಾರದು. ಒಬ್ಬರ ಚಿತ್ರವನ್ನು ತೆಗೆಯಲು ಒಪ್ಪಿಗೆ ಪಡೆದ ಮಾತ್ರಕ್ಕೆ ಅದನ್ನು ಊರಿಗೆಲ್ಲ ಹಂಚಲು ಒಪ್ಪಿಗೆ ಪಡೆದಂತಾಗಲಿಲ್ಲ. ಇಂದು ಒಂದು ಚಿತ್ರವು ಭೋರಿನಿಂದ ಹೊರಟು ಲೋಕವನ್ನೆಲ್ಲ ಸುತ್ತಲು ಒಂದು ನಿಮಿಷ ಸಾಕು. ಅದನ್ನು ಹಿಂದಕ್ಕೆ ಕರೆಯುವ ಉಪಾಯವು ಯಾರಲ್ಲಿಯೂ ಇಲ್ಲ.

ವ್ಯಕ್ತಿಯ ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಸೇರಿದೆಯೆಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು. ಬೀದಿಯಲ್ಲಿ ಕುಳಿತ ಬಡ ಅಜ್ಜಿಗೂ ರಾಜವಾಡೆಯ ಒಡೆಯರಿಗೂ ಈ ಹಕ್ಕು ಸಮನಾದುದು.

9. ಚಿತ್ರವು ಯಾರದು?

ತೆಗೆದ ಚಿತ್ರವನ್ನು ತೆಗೆದವನೊಬ್ಬನೇ ಇಟ್ಟುಕೊಂಡರೆ ವ್ಯವಹಾರವು ಅರ್ಧಕ್ಕೆ ನಿಂತಂತೆ. ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಅವರಿಗೆ ತಲುಪಿಸಬೇಕು. ಮೊಬೈಲಿನಲ್ಲಿ ತೋರಿಸಿದುದು ಸಾಲದು. ಅದು ಮಿಂಚಿ ಮಾಯವಾಗುತ್ತದೆ. ಕಾಗದದ ಚಿತ್ರವು ಗೋಡೆಯ ಮೇಲೆ ಉಳಿಯುತ್ತದೆ.

ಇದರ ಬೆಲೆಯನ್ನು ತಿಳಿಯಲು ನಾವು ಭೋರಿನವರೆಗೆ ಹೋಗಬೇಕಾಗಿಲ್ಲ. ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆಯಿಂದ ದುಡಿಮೆಗಾಗಿ ಪುಣೆಗೆ ಬಂದ ಅನೇಕ ಕನ್ನಡ ಕುಟುಂಬಗಳಲ್ಲಿ ಹಿರಿಯರ ಚಿತ್ರವೆಂದರೆ ಗುರುತಿನ ಚೀಟಿಯ ಮೇಲಿನ ಚಿತ್ರವೊಂದೇ. ಬೆಳ್ಳನೆಯ ಗೋಡೆಯ ಮುಂದೆ, ಕಣ್ಣರಳಿಸಿ, ಯಾವುದೋ ಕಚೇರಿಯ ಸಾಲಿನಲ್ಲಿ ತೆಗೆಯಿಸಿಕೊಂಡುದು. ಅವರು ತೀರಿಕೊಂಡಮೇಲೆ ಅದನ್ನೇ ದೊಡ್ಡದು ಮಾಡಿಸಿ, ಕಟ್ಟುಹಾಕಿಸಿ, ಹಾರ ಹಾಕುತ್ತಾರೆ. ಮೊಮ್ಮಕ್ಕಳು ತಮ್ಮ ಅಜ್ಜಿಯನ್ನು ಆ ಒಂದು ಮುಖದಿಂದಲೇ ನೆನೆಯಬೇಕಾಗುತ್ತದೆ. ರೊಟ್ಟಿ ಬಡಿಯುವಾಗ ಆಕೆಯ ಮುಖವು ಹೇಗಿದ್ದಿತು, ಊರಿನ ಸುದ್ದಿಯನ್ನು ಕೇಳಿದಾಗ ಕಣ್ಣು ಹೇಗೆ ಅರಳುತ್ತಿದ್ದಿತು, ಸಂಜೆ ಬಾಗಿಲಲ್ಲಿ ಕುಳಿತು ಮಗನ ದಾರಿಯನ್ನು ಹೇಗೆ ಕಾಯುತ್ತಿದ್ದಳು ಎಂಬುದೆಲ್ಲ ಆಕೆಯೊಡನೆಯೇ ಹೋಗಿಬಿಡುತ್ತದೆ. ಕೈಯಲ್ಲಿ ಕ್ಯಾಮೆರವಿದ್ದ ನಾವು ಅದನ್ನು ಹಿಡಿಯಲಿಲ್ಲವೆಂದರೆ ಮತ್ತಾರು ಹಿಡಿಯಬೇಕು?

ಆದುದರಿಂದ ವಿದ್ಯಾರ್ಥಿಮಿತ್ರರೆ, ಭೋರಿನಲ್ಲಿ ಕಲಿತುದನ್ನು ಮನೆಯಲ್ಲಿ ಮೊದಲು ಬಳಸಿರಿ. ಹೊಸ್ತಿಲ ಬೆಳಕು ಎಲ್ಲ ಮನೆಗಳಲ್ಲಿಯೂ ಇದೆ. ಎರಡು ಮೀಟರು ದೂರ ನಿಲ್ಲಲು ಓಣಿಯಿದ್ದರೂ ಸಾಕು. ಚಿತ್ರದ ಹಿಂದೆ ಅವರ ಹೆಸರು, ಊರು, ತಾರೀಖುಗಳನ್ನು ಕನ್ನಡದಲ್ಲಿ ಬರೆದಿಡಿರಿ. ಪ್ಯಾರಿಸಿನ ಬೀದಿಯಲ್ಲಿ ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತಿದ್ದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ನಮ್ಮ ಮನೆಯವರ ವಿಷಯದಲ್ಲಿ ಹಾಗಾಗದಿರಲಿ.

ಅಭ್ಯಾಸ

1. ಭಾನುವಾರ ಬೆಳಗ್ಗೆ ಎಂಟು, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ಐದು ಗಂಟೆಗಳಲ್ಲಿ ಒಬ್ಬರ ಮುಖವನ್ನೇ ಒಂದೇ ಸ್ಥಳದಲ್ಲಿ ತೆಗೆದು, ಕಣ್ಣಿನ ಸುತ್ತಲಿನ ನೆರಳನ್ನು ಹೋಲಿಸಿರಿ. ಪ್ರತಿಸಲವೂ ನಿಮ್ಮ ನೆರಳಿನ ಉದ್ದವನ್ನು ಅಳೆದು ಬರೆಯಿರಿ.
2. ಅದೇ ಮುಖವನ್ನು ಅರ್ಧ ಮೀಟರು, ಒಂದು ಮೀಟರು, ಎರಡು ಮೀಟರುಗಳಿಂದ ತೆಗೆಯಿರಿ. ಒಂದು ಮೀಟರಿನಲ್ಲಿ ಮೂಗು ಕಿವಿಗಿಂತ ನೂರಕ್ಕೆ ಎಷ್ಟು ಹಿರಿದಾಗಿ ಮೂಡುವುದೆಂಬುದನ್ನು ಲೆಕ್ಕಹಾಕಿರಿ.
3. ಬಿಳಿಯ ಟೋಪಿ ಹಾಕಿದವರೊಬ್ಬರ ಚಿತ್ರವನ್ನು ಮೊದಲು ಕ್ಯಾಮೆರದ ಇಷ್ಟದಂತೆಯೂ ಆಮೇಲೆ ಮುಖದ ಬೆಳಕನ್ನು ಅಳೆದೂ ತೆಗೆಯಿರಿ. ವ್ಯತ್ಯಾಸಕ್ಕೆ ಕಾರಣವನ್ನು ಬರೆಯಿರಿ.
4. ಒಂದೇ ಸ್ಥಳದಲ್ಲಿ ಕ್ಯಾಮೆರವನ್ನು ಮುಟ್ಟದೆ ಅರ್ಧ ಗಂಟೆ ಕುಳಿತು, ಕಂಡ ಐದು ಭಾವಗಳನ್ನು ಮಾತಿನಲ್ಲಿ ಬರೆಯಿರಿ.
5. ನಿಮ್ಮ ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಒಪ್ಪಿಗೆಯನ್ನು ಪಡೆದು, ಅವರು ಬಯಸಿದಂತೆ ಒ೦ದು, ಕೆಲಸದಲ್ಲಿ ತೊಡಗಿರುವಾಗ ಒಂದು, ಹೀಗೆ ಎರಡು ಚಿತ್ರಗಳನ್ನು ತೆಗೆಯಿರಿ. ಎರಡನ್ನೂ ಮುದ್ರಿಸಿ ಅವರ ಕೈಗೆ ಕೊಡಿರಿ. ಅವರು ಯಾವುದನ್ನು ಗೋಡೆಗೆ ಹಾಕಿದರೆಂಬುದನ್ನು ತರಗತಿಯಲ್ಲಿ ಬಂದು ತಿಳಿಸಿರಿ.